ಕ್ಯಾಲಿಫೋರ್ನಿಯಾ: ಮನೆಯಲ್ಲೇ ನಡೆಸುವ ಡೇಕೇರ್‌ಗೆ ಲೈಸೆನ್ಸ್ ಬೇಕಾ?

ಪ್ರಶ್ನೆ (ಫ್ರೀಮಾಂಟ್): ಮಗಳಿಗೆ ಎರಡು ವರ್ಷ. ಪಕ್ಕದ ಬೀದಿಯ ಆಂಟಿಯೊಬ್ಬರು ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಮೊಸರನ್ನ ನುಣ್ಣಗೆ ಕಲಸಿ, ದಾಳಿಂಬೆ ಕಾಳು ಉದುರಿಸಿ ತಿನ್ನಿಸುತ್ತಾರೆ. ಮಾತೆಲ್ಲ ಕನ್ನಡ. ನನಗೆ ತುಂಬಾ ಹಿಡಿಸಿತು. ಆದರೆ ಲೈಸೆನ್ಸ್ ಇಲ್ಲ. ಅವರಿಗೂ ತೊಂದರೆ ಆಗಬಾರದು, ಅಲ್ವಾ?

ಉತ್ತರ: ತಮ್ಮ ಮಕ್ಕಳ ಜೊತೆ ಇನ್ನೊಂದೇ ಮನೆಯ ಮಕ್ಕಳಿದ್ದರೆ ಬೇಡ. ಎರಡನೇ ಮನೆಯ ಮಗು ಸೇರಿದರೆ ಬೇಕೇ ಬೇಕು. ಸಣ್ಣ ಲೈಸೆನ್ಸ್‌ಗೆ ಹೆಚ್ಚೆಂದರೆ 8 ಮಕ್ಕಳು, ದೊಡ್ಡದಕ್ಕೆ 14.

ಉತ್ತರ: ಕೌಂಟಿಯ ರಿಸೋರ್ಸ್ ಅಂಡ್ ರೆಫರಲ್ ಏಜೆನ್ಸಿಯಲ್ಲಿ ವಿಚಾರಿಸಿ. ನಿಮಗೆ ಡೇಕೇರ್ ಪಟ್ಟಿ, ಆಂಟಿಗೆ ಲೈಸೆನ್ಸ್ ಪಡೆಯುವ ದಾರಿ, ಎರಡೂ ಅಲ್ಲೇ ಸಿಗುತ್ತವೆ. ಸ್ಥಳೀಯ ಸೇವೆಗಳ ಮಾಹಿತಿ ಕೊಡುವ ಸಹಾಯವಾಣಿ 211ಕ್ಕೆ ಫೋನ್ ಮಾಡಿದರೆ ವಿವರ ಕೊಡುತ್ತಾರೆ.

ಉತ್ತರ: ಆಂಟಿ ಎಚ್-4 ವೀಸಾದಲ್ಲಿದ್ದರೆ (ಎಚ್-1ಬಿಯಂಥ ಕೆಲಸದ ವೀಸಾದವರ ಗಂಡ ಅಥವಾ ಹೆಂಡತಿಗೆ ಸಿಗುವ ವೀಸಾ) ಮೊದಲು ಇಎಡಿ, ಅಂದರೆ ಕೆಲಸ ಮಾಡಲು ಸರ್ಕಾರ ಕೊಡುವ ಅನುಮತಿ ಕಾರ್ಡ್, ಇದೆಯಾ ಕೇಳಿ. ಅದಿಲ್ಲದೆ ದುಡ್ಡು ತಗೊಂಡು ಕೆಲಸ ಮಾಡುವಂತಿಲ್ಲ.

ಪ್ರಶ್ನೆ ಕೇಳಿದವರು: ಇಎಡಿ ಇದೆಯಂತೆ. ಸೋಮವಾರ ಇಬ್ಬರೂ ಕೂತು 211ಕ್ಕೆ ಫೋನ್ ಮಾಡುತ್ತೇವೆ.