ಕಿಟ್‌ನಲ್ಲಿ ನೆಗೆಟಿವ್, ಸ್ಲೈಡ್‌ನಲ್ಲಿ ವೈವ್ಯಾಕ್ಸ್: ಮೂರು ಸಲ ಹೀಗಾಯ್ತು, ತಪ್ಪು ಎಲ್ಲಿದೆ?

ಕಾಲುವೆದಂಡೆ, ಸುರಪುರ ತಾಲೂಕು
ಜೂನ್ 11, ರಾತ್ರಿ 9:10

ನಮಸ್ಕಾರ್ರಿ ಎಲ್ಲರಿಗೂ. ನಾನು ಆಶಾ ಕಾರ್ಯಕರ್ತೆ. ನಾರಾಯಣಪುರ ಎಡದಂಡೆ ಕಾಲುವೆ ಬದಿಯ ಒಂದು ಊರು, ಅದರ ಪಕ್ಕದ ತಾಂಡಾ ನನ್ನ ಪಾಲಿಗೆ ಬರುತ್ತವೆ. ಮುಂಬೈ, ಗೋವಾ, ಬೆಂಗಳೂರು ಅಂತ ಗುಳೆ ಹೋದವರು ಈಗ ಬಿತ್ತನೆಗೆ ವಾಪಸ್ ಬರುತ್ತಿದ್ದಾರೆ. ಯಾರಿಗಾದರೂ ಜ್ವರ ಇದ್ದರೆ ಬೆರಳು ಚುಚ್ಚಿ ಮಲೇರಿಯಾ ಕಿಟ್ ಹಾಕುತ್ತೇನೆ, ಜೊತೆಗೆ ಗಾಜಿನ ಮೇಲೆ ರಕ್ತ ಸವರಿ ಸ್ಲೈಡೂ ಮಾಡಿ, ಮೈಕ್ರೋಸ್ಕೋಪಿನಲ್ಲಿ ನೋಡಲು ಆಸ್ಪತ್ರೆಗೆ ಕಳಿಸುತ್ತೇನೆ.

ಮೇ ಕೊನೆಯಿಂದ ಇಲ್ಲಿವರೆಗೆ ಮೂವರಿಗೆ ಕಿಟ್‌ನಲ್ಲಿ ಬರೀ ಸಿ (ಕಂಟ್ರೋಲ್) ಗೆರೆ ಬಂತು, ರೋಗದ ಗೆರೆ ಬರಲಿಲ್ಲ. ನೆಗೆಟಿವ್ ಎಂದು ಹೇಳಿ ಬಂದೆ. ನಾಲ್ಕೈದು ದಿನ ಬಿಟ್ಟು ಸ್ಲೈಡ್ ರಿಪೋರ್ಟ್ ಬಂದರೆ ಮೂವರಿಗೂ ವೈವ್ಯಾಕ್ಸ್ ಮಲೇರಿಯಾ. ಮೂರನೆಯವಳು ಶಾಲೆಗೆ ಹೋಗುವ ಹುಡುಗಿ. ಅಷ್ಟೂ ದಿನ ದಿನ ಬಿಟ್ಟು ದಿನ ನಡುಗುತ್ತಾ ಮಲಗಿದ್ದಳು, ಅವರವ್ವ ನನ್ನ ಮಾತು ನಂಬಿ ಬರೀ ಜ್ವರದ ಮಾತ್ರೆ ಕೊಡುತ್ತಾ ಕೂತಿದ್ದರು. ಆ ಮನೆ ಮುಂದೆ ಹೋಗಲು ನನಗೆ ಮುಖ ಇಲ್ಲ.

ತಲೆ ಕೆಡಿಸಿದ್ದು ಏನೆಂದರೆ, ಅದೇ ಡಬ್ಬಿಯ ಕಿಟ್‌ನಲ್ಲಿ ಇನ್ನೊಬ್ಬರಿಗೆ ಪಿಎಫ್ (ಫಾಲ್ಸಿಪೇರಮ್ ಎಂಬ ಇನ್ನೊಂದು ಬಗೆಯ ಮಲೇರಿಯಾ) ಗೆರೆ ಚೆನ್ನಾಗಿಯೇ ಬಂತು, ಸ್ಲೈಡೂ ಅದನ್ನೇ ಹೇಳಿತು. ಎಕ್ಸ್‌ಪೈರಿ ಮುಂದಿನ ವರ್ಷ. ಆ ಪಿಎಫ್ ಮನುಷ್ಯ ಔಷಧಿ ಪೂರ್ತಿ ತಗೊಂಡು ಆರಾಮಾದ. ಹದಿನೈದು ದಿನದ ಮೇಲೆ ಒಂದ್ಸಲ ನೋಡೋಣ ಅಂತ ಮತ್ತೆ ಕಿಟ್ ಹಾಕಿದರೆ ಮತ್ತೂ ಪಾಸಿಟಿವ್! ರೋಗ ಇದ್ದವರಿಗೆ ಇಲ್ಲ ಅನ್ನುತ್ತದೆ, ವಾಸಿಯಾದವನಿಗೆ ಇದೆ ಅನ್ನುತ್ತದೆ. ಏನು ಮಾಡಲಿ?

ಸ್ಲೈಡ್‌ಮಾಸ್ತರ, ಯಾದಗಿರಿ
ಜೂನ್ 11, ರಾತ್ರಿ 10:05

ಅಕ್ಕಾ, ಮೊದಲು ಇಷ್ಟು ಹೇಳಿ. ಕಿಟ್ ಎಲ್ಲಿ ಇಡುತ್ತೀರಿ, ಹಗಲು ಹೊತ್ತು ಹೇಗೆ ಒಯ್ಯುತ್ತೀರಿ? ಪಟ್ಟಿಗೆ ಹನಿಸುವ ಬಫರ್ ದ್ರವದ ಬಾಟಲಿ ಅದೇ ಡಬ್ಬಿಯದಾ? ಎಷ್ಟು ನಿಮಿಷಕ್ಕೆ ಓದುತ್ತೀರಿ? ಚೀಲ ಹರಿದಾಗ ಒಳಗಿನ ತೇವ ಹೀರುವ ಸಿಲಿಕಾ ಪುಡಿಕೆಯ ಬಣ್ಣ ಬದಲಾಗಿತ್ತಾ?

ಕಾಲುವೆದಂಡೆ
ಜೂನ್ 12, ಬೆಳಿಗ್ಗೆ 6:30

ಮಾಸ್ತರೇ, ಕಿಟ್ ಸ್ಕೂಟಿ ಡಿಕ್ಕಿಯಲ್ಲೇ ಇರುತ್ತವೆ, ಯಾವಾಗ ಯಾರು ಕರೆಯುತ್ತಾರೋ ಗೊತ್ತಿಲ್ಲ ಅಲ್ವಾ. ಮನೆಯಲ್ಲಿ ಇಡೋಣ ಅಂದರೆ ತಗಡಿನ ಮನೆ. ಸಿಲಿಕಾ ಬಣ್ಣ ಸರಿ ಇದೆ. ಇಪ್ಪತ್ತು ನಿಮಿಷಕ್ಕೆ ಮೊಬೈಲ್‌ನಲ್ಲಿ ಅಲಾರಂ ಇಟ್ಟೇ ಓದುತ್ತೇನೆ. ಬಫರ್ ವಿಷಯ ಮಾತ್ರ, ಈ ಡಬ್ಬಿಯ ಬಾಟಲಿ ಅರ್ಧಕ್ಕೇ ಬತ್ತಿ ಹೋಗಿತ್ತು. ಹಳೇ ಡಬ್ಬಿಯಲ್ಲಿ ಉಳಿದಿದ್ದನ್ನು ಹಾಕಿದೆ. ಎರಡೂ ನೀರಿನ ಹಾಗೇ ಕಾಣುತ್ತವೆ, ಒಂದೇ ಅಂದುಕೊಂಡೆ.

ಸ್ಲೈಡ್‌ಮಾಸ್ತರ
ಜೂನ್ 12, ಮಧ್ಯಾಹ್ನ 2:20

ಸಿಕ್ಕಿತು ನೋಡಿ. ಎರಡು ಕಡೆ ಪೆಟ್ಟು ಬಿದ್ದಿದೆ.

ಈ ಕಿಟ್‌ನಲ್ಲಿ ಎರಡು ಬೇರೆ ಬೇರೆ ಪರೀಕ್ಷೆ ಒಂದೇ ಪಟ್ಟಿಯ ಮೇಲಿವೆ. ಪಿಎಫ್ ಗೆರೆ ಹುಡುಕುವುದು ಎಚ್‌ಆರ್‌ಪಿ2 ಎಂಬ ಪ್ರೋಟೀನನ್ನು, ಅದನ್ನು ಫಾಲ್ಸಿಪೇರಮ್ ಮಾತ್ರ ಮಾಡುತ್ತದೆ. ಪಿವಿ ಗೆರೆ ಹುಡುಕುವುದು ವೈವ್ಯಾಕ್ಸ್‌ನ ಎಲ್‌ಡಿಎಚ್ ಎಂಬ ಇನ್ನೊಂದು ಪ್ರೋಟೀನನ್ನು. ಹಿಡಿಯುವ ಕೆಲಸ ಆ ಗೆರೆಗಳಲ್ಲಿ ಅಂಟಿಸಿದ ಆ್ಯಂಟಿಬಾಡಿಗಳದ್ದು. ಇವೆರಡರಲ್ಲಿ ಬಿಸಿಲಿಗೆ ಬೇಗ ಸೋಲುವುದು ಸಾಮಾನ್ಯವಾಗಿ ಎಲ್‌ಡಿಎಚ್ ಗೆರೆ. ಹಾಗಾಗಿ ಬಿಸಿ ಹೊಡೆದ ಡಬ್ಬಿಯಲ್ಲಿ ಪಿಎಫ್ ಚೆನ್ನಾಗಿ ಕಾಣುತ್ತದೆ, ಪಿವಿ ಮಂಕಾಗುತ್ತದೆ ಅಥವಾ ಬರುವುದೇ ಇಲ್ಲ, ನಿಮಗೆ ಆಗಿದ್ದೂ ಇದೇ ಇರಬೇಕು. ಡಬ್ಬಿ ಮೇಲೆ ಎಷ್ಟು ಡಿಗ್ರಿವರೆಗೆ ಎಂದು ಬರೆದಿದೆ ನೋಡಿ. ಕೆಲವಕ್ಕೆ 30, ಕೆಲವಕ್ಕೆ 40. ನಮ್ಮ ಕಡೆ ಮೇ ತಿಂಗಳಲ್ಲಿ ನೆರಳಲ್ಲೇ 42, 43 ಇರುತ್ತದೆ, ಡಿಕ್ಕಿಯೊಳಗೆ ಕೇಳಬೇಕಾ. ಎಕ್ಸ್‌ಪೈರಿ ತಾರೀಖಿಗೆ ಬೆಲೆ ಇರುವುದು ಆ ಡಿಗ್ರಿಯೊಳಗೆ ಇಟ್ಟರೆ ಮಾತ್ರ.

ಸಿ ಗೆರೆ ಬಂತಲ್ಲ ಅಂತ ಎಲ್ಲರೂ ಸಮಾಧಾನ ಮಾಡಿಕೊಳ್ಳುತ್ತಾರೆ. ನಾನು ತರಬೇತಿಯಲ್ಲಿ ಪ್ರತಿ ಸಲ ಹೇಳುತ್ತೇನೆ: ಸಿ ಗೆರೆ ಹೇಳುವುದು ದ್ರವ ಪಟ್ಟಿಯ ಆ ತುದಿಯವರೆಗೆ ಹರಿದಿದೆ, ಬಣ್ಣ ಕೆಲಸ ಮಾಡಿದೆ ಎಂದು, ಅಷ್ಟೇ. ರಕ್ತ ಹಾಕುವುದನ್ನೇ ಮರೆತರೂ ಸಿ ಬರಬಹುದು. ಪಿವಿ ಗೆರೆ ಬದುಕಿದೆಯೋ ಸತ್ತಿದೆಯೋ ಅದಕ್ಕೆ ಗೊತ್ತಿಲ್ಲ.

ಎರಡನೇ ಪೆಟ್ಟು ಬಫರ್. ಅದು ನೀರಲ್ಲ ಅಕ್ಕಾ, ಉಪ್ಪು, ಸೋಪಿನಂಥ ವಸ್ತು ಎಲ್ಲ ಲೆಕ್ಕ ಹಾಕಿ ಬೆರೆಸಿರುತ್ತಾರೆ, ಆ ಕಂಪನಿಯ ಆ ಪಟ್ಟಿಗೆ ತಕ್ಕಂತೆ. ಬೇರೆ ಡಬ್ಬಿಯದು ಹಾಕಬಾರದು. ಬತ್ತಿ ಅರ್ಧವಾಗಿ ಗಟ್ಟಿಯಾದದ್ದನ್ನೂ ಹಾಕಬಾರದು. ಕೆಲವರು ಸಲೈನ್, ಡಿಸ್ಟಿಲ್ಡ್ ವಾಟರ್ ಹಾಕಿ ನೋಡುತ್ತಾರೆ, ಅದರಿಂದ ರೋಗ ಇಲ್ಲದವರಿಗೂ ಪಾಸಿಟಿವ್ ಗೆರೆ ಬಂದುಬಿಡುತ್ತದೆ. ಬಾಟಲಿ ಬತ್ತಿದರೆ ಡಬ್ಬಿ ವಾಪಸ್ ಕೊಟ್ಟು ಬೇರೆ ಕೇಳಿ, ನಾಚಿಕೆ ಬೇಡ.

ವಾಸಿಯಾದವನ ಪಾಸಿಟಿವ್‌ಗೆ ಕಿಟ್ ತಪ್ಪಲ್ಲ. ಮಲೇರಿಯಾ ಪರಾವಲಂಬಿ ಸತ್ತ ಮೇಲೂ ಎಚ್‌ಆರ್‌ಪಿ2 ರಕ್ತದಲ್ಲಿ ವಾರಗಟ್ಟಲೆ ಉಳಿಯುತ್ತದೆ. ಔಷಧಿ ಕೆಲಸ ಮಾಡಿತಾ ಎಂದು ಕಿಟ್ ಹಾಕಿ ನೋಡಬೇಡಿ, ಅದಕ್ಕೆ ಸ್ಲೈಡೇ ಆಗಬೇಕು.

ಖಾತ್ರಿ ಮಾಡಿಕೊಳ್ಳುವ ದಾರಿಯೂ ಇದೆ. ಅನುಮಾನದ ಡಬ್ಬಿಯಿಂದ ಕಿಟ್ ತಂದು ನಿಮ್ಮ ಆಸ್ಪತ್ರೆ ಲ್ಯಾಬ್‌ನಲ್ಲಿ ಕೊಡಿ. ಔಷಧಿ ಶುರು ಮಾಡದ, ಸ್ಲೈಡ್‌ನಲ್ಲಿ ವೈವ್ಯಾಕ್ಸ್ ಕಂಡ ರೋಗಿ ಬಂದ ದಿನ ನಿಮ್ಮದೊಂದು, ಹೊಸ ಡಬ್ಬಿಯದೊಂದು ಅಕ್ಕಪಕ್ಕ ಹಾಕಲಿ. ಎರಡಕ್ಕೂ ಹೊಸ ಡಬ್ಬಿಯ ಬಫರ್ ಬೇಡ, ಆಯಾ ಡಬ್ಬಿಯದ್ದೇ ಹಾಕಲಿ.

ಬೀದರ್‌ಹರವಿ, ಔರಾದ್
ಜೂನ್ 12, ಸಂಜೆ 7:15

ಮಾಸ್ತರರು ಹೇಳಿದ್ದು ಸರಿ, ಆದರೆ ತಗಡಿನ ಮನೆಯವರು ಎಲ್ಲಿ ಇಡಬೇಕು ಅಂತ ಯಾರೂ ಹೇಳುವುದಿಲ್ಲ. ನಾನು ಮಾಡುವುದು ಹೇಳುತ್ತೇನೆ. ದೊಡ್ಡ ಹರವಿ (ಮಣ್ಣಿನ ಗಡಿಗೆ) ಒಂದು, ಅದರೊಳಗೆ ಚಿಕ್ಕ ಮಡಕೆ, ನಡುವೆ ಮರಳು. ಮರಳಿಗೆ ಬೆಳಿಗ್ಗೆ ಸಂಜೆ ನೀರು. ಚಿಕ್ಕ ಮಡಕೆಯೊಳಗೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಅದರಲ್ಲಿ ಕಿಟ್. ಮೇಲೆ ಒದ್ದೆ ಗೋಣಿಚೀಲ. ನಮ್ಮ ಒಣ ಬಿಸಿಲಿಗೆ ಇದು ಬಹಳ ಚೆನ್ನಾಗಿ ತಣ್ಣಗಿರುತ್ತದೆ, ಕುಡಿಯುವ ನೀರು ತಂಪಾಗುವ ಹಾಗೇ. ಸ್ಟೀಲ್ ಡಬ್ಬಿ ಮಾತ್ರ ಬಿಡಬೇಡಿ, ತೇವ ತಾಗಿದರೆ ಕಿಟ್ ಕೆಟ್ಟಂತೆಯೇ. ಮಳೆ ಹಿಡಿದ ಮೇಲೆ ಗಾಳಿಯಲ್ಲೇ ನೀರಿರುತ್ತದೆ, ಆಗ ಇದರಿಂದ ಉಪಯೋಗ ಕಡಿಮೆ, ಆದರೆ ಆಗ ಅಷ್ಟು ಬಿಸಿಯೂ ಇರುವುದಿಲ್ಲ.

ಫ್ರಿಜ್ ಇದ್ದವರು ಕೆಳಗಿನ ಖಾನೆಯಲ್ಲಿ ಇಡಿ, ಐಸ್ ಖಾನೆ ಬೇಡ. ತೆಗೆದ ತಕ್ಷಣ ಚೀಲ ಹರಿಯಬೇಡಿ. ಹೊರಗಿಟ್ಟು ಮಾಮೂಲಿ ಬಿಸಿಗೆ ಬಂದ ಮೇಲೆ ಹರಿಯಿರಿ, ಇಲ್ಲದಿದ್ದರೆ ಪಟ್ಟಿ ಮೇಲೆ ಬೆವರು ಕೂರುತ್ತದೆ.

ಕಲಬುರಗಿ_ಸರ್ಕಿಟ್
ಜೂನ್ 12, ರಾತ್ರಿ 11:40

ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ, ಪ್ರಾಜೆಕ್ಟ್‌ಗೆ ಇದೇ ವಿಷಯ ತಗೊಂಡಿದ್ದೇವೆ. ಕಾಗದ ಮಡಚಿ ಮಾಡುವ ಫೋಲ್ಡ್‌ಸ್ಕೋಪ್ ಎಂಬ ಮೈಕ್ರೋಸ್ಕೋಪಿಗೆ ಮೊಬೈಲ್ ಜೋಡಿಸಿ ಅಕ್ಕನಂಥವರು ಊರಲ್ಲೇ ಸ್ಲೈಡ್ ನೋಡುವ ಹಾಗೆ ಮಾಡಬಹುದಾ? ನಾಲ್ಕೈದು ದಿನ ಕಾಯುವುದು ತಪ್ಪುತ್ತದೆ ಅಲ್ವಾ ಸರ್?

ಸ್ಲೈಡ್‌ಮಾಸ್ತರ
ಜೂನ್ 13, ಬೆಳಿಗ್ಗೆ 8:00

ತಮ್ಮಾ, ಯೋಚನೆ ಒಳ್ಳೆಯದು, ಆದರೆ ಅಳತೆ ನೋಡು. ವಿಜ್ಞಾನಿ ಮನು ಪ್ರಕಾಶ್ ಅವರ ತಂಡ ಮಾಡಿದ ಫೋಲ್ಡ್‌ಸ್ಕೋಪ್ ಸಾಮಾನ್ಯವಾಗಿ ಸಿಗುವುದು 140 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಕೆಂಪು ರಕ್ತಕಣ 7-8 ಮೈಕ್ರಾನ್, ಅದರೊಳಗೆ ಉಂಗುರದಂತಿರುವ ಎಳೆಯ ಪರಾವಲಂಬಿ ಇನ್ನೂ ಎಷ್ಟೋ ಚಿಕ್ಕದು. ನಾವು ಎಣ್ಣೆ ಹಾಕಿ 1000 ಪಟ್ಟು ಮಾಡಿ ನೋಡುತ್ತೇವೆ, ದಪ್ಪ ಲೇಪನದಲ್ಲಿ ಕಡಿಮೆ ಎಂದರೆ 100 ಫೀಲ್ಡ್ (ಒಂದು ಸಲಕ್ಕೆ ಮಸೂರದಲ್ಲಿ ಕಾಣುವಷ್ಟು ಜಾಗ) ನೋಡದೆ ನೆಗೆಟಿವ್ ಬರೆಯುವುದಿಲ್ಲ. ಮಕ್ಕಳಿಗೆ ಕಾಲುವೆ ನೀರಿನ ಸೊಳ್ಳೆಮರಿ ತೋರಿಸಲು ಫೋಲ್ಡ್‌ಸ್ಕೋಪ್ ಬಹಳ ಒಳ್ಳೆಯದು, ಅದರ ಮೇಲೆ ಔಷಧಿ ಕೊಡುವ ನಿರ್ಧಾರ ಮಾಡಬೇಡ.

ಬೇಗ ರಿಪೋರ್ಟ್ ಬೇಕು ಅಂದರೆ ಟ್ರೂನ್ಯಾಟ್ ಕಡೆ ನೋಡು. ಬೆಂಗಳೂರಿನ ಬಿಗ್‌ಟೆಕ್, ಗೋವಾದ ಮೋಲ್‌ಬಯೋ ಸೇರಿ ಮಾಡಿದ್ದು, ಬ್ಯಾಟರಿ ಮೇಲೆ ನಡೆಯುವ ಚಿಕ್ಕ ಪಿಸಿಆರ್ (ರೋಗಾಣುವಿನ ಡಿಎನ್‌ಎ ಹುಡುಕುವ) ಯಂತ್ರ. ಟಿಬಿ ಪರೀಕ್ಷೆಗೆ ಎಷ್ಟೋ ಆಸ್ಪತ್ರೆಗಳಲ್ಲಿ ಈಗಾಗಲೇ ಇದೆ, ಮಲೇರಿಯಾಕ್ಕೆ ಬೇರೆ ಚಿಪ್ ಬರುತ್ತದೆ. ಕಿಟ್‌ಗೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ ನೂರು, ಇನ್ನೂರು ಪರಾವಲಂಬಿಯಾದರೂ ಬೇಕು. ಪಿಸಿಆರ್ ಅದಕ್ಕಿಂತ ಬಹಳ ಕಡಿಮೆ ಇದ್ದರೂ ಹಿಡಿಯುತ್ತದೆ. ಆದರೆ ಬೆರಳು ಚುಚ್ಚಿದ ಜಾಗದಲ್ಲೇ ಇಪ್ಪತ್ತು ನಿಮಿಷಕ್ಕೆ ಉತ್ತರ ಕೊಡುವುದು ಇವತ್ತಿಗೂ ಆ ಚಿಕ್ಕ ಪಟ್ಟಿಯೇ. ನಿನ್ನ ಪ್ರಾಜೆಕ್ಟ್‌ಗೆ ನಾನು ಹೇಳುವುದು, ಕಿಟ್ ಡಬ್ಬಿಯೊಳಗೆ ಇಡುವ ಅಗ್ಗದ ಉಷ್ಣತೆ ಗುರುತು ಮಾಡಿ ಕೊಡು. ಡಬ್ಬಿ ಒಂದು ಸಲ 40 ದಾಟಿದರೆ ಬಣ್ಣ ಬದಲಾಗಬೇಕು, ತಣ್ಣಗಾದ ಮೇಲೂ ಹಾಗೇ ಉಳಿಯಬೇಕು. ಲಸಿಕೆ ಸೀಸೆಗಳ ಮೇಲೆ, ತಾಗಿದ ಬಿಸಿ ಕೂಡುತ್ತಾ ಹೋದಂತೆ ಬಣ್ಣ ಬದಲಿಸುವ ಗುರುತು ಇರುತ್ತದೆ, ನೋಡಿರುತ್ತೀ.

ಬಿಸಿಲಿನ ಮಾತು ಬಂತು ಅಂತ ನೆನಪಾಯಿತು. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಈ ಪರಾವಲಂಬಿ ಕಂಡದ್ದು ಇಲ್ಲೇ ಸಿಕಂದರಾಬಾದಿನಲ್ಲಿ, ನಮ್ಮ ಯಾದಗಿರಿಯಿಂದ ರೈಲು ಹತ್ತಿದರೆ ಮಧ್ಯಾಹ್ನಕ್ಕೆ ಮುಟ್ಟುವ ಊರು. ಬೆವರು ಬಿದ್ದು ಅವರ ಮೈಕ್ರೋಸ್ಕೋಪಿನ ತಿರುಪುಗಳೇ ತುಕ್ಕು ಹಿಡಿದಿದ್ದವಂತೆ.

ಕಾಲುವೆದಂಡೆ
ಜೂನ್ 21, ರಾತ್ರಿ 9:45

ಮಾಸ್ತರೇ, ಪರೀಕ್ಷೆ ಆಯಿತು. ನಿನ್ನೆ ಆಸ್ಪತ್ರೆಗೆ ವೈವ್ಯಾಕ್ಸ್ ರೋಗಿ ಬಂದಿದ್ದರು. ಲ್ಯಾಬಿನವರು ಅವರನ್ನು ಕೇಳಿ ಒಪ್ಪಿಸಿ, ಎರಡು ಕಿಟ್ ಅಕ್ಕಪಕ್ಕ ಹಾಕಿದರು. ನಾನೂ ನಿಂತು ನೋಡಿದೆ. ಹೊಸದರಲ್ಲಿ ಎಂಟು ನಿಮಿಷಕ್ಕೇ ಪಿವಿ ಗೆರೆ ಎದ್ದು ಬಂತು. ನನ್ನದರಲ್ಲಿ ಇಪ್ಪತ್ತು ನಿಮಿಷಕ್ಕೂ ಸಿ ಒಂದೇ. ಡಬ್ಬಿಯ ತಳದಲ್ಲಿ ಇನ್ನೊಂದು ಬಾಟಲಿ ಬಫರ್ ತುಂಬಿದ್ದು ಸಿಕ್ಕಿತು, ಅದೇ ಡಬ್ಬಿಯದು, ಅದನ್ನು ಹಾಕಿ ಇನ್ನೊಂದು ಕಿಟ್ ನೋಡಿದರು. ಆಗಲೂ ಅಷ್ಟೇ. ಬಿಸಿಲೇ ಕೊಂದಿದೆ. ಇವತ್ತು ಮಧ್ಯಾಹ್ನ ಡಿಕ್ಕಿಯೊಳಗೆ ಥರ್ಮಾಮೀಟರ್ ಇಟ್ಟು ನೋಡಿದೆ, ಮಳೆ ಒಂದು ಬಿದ್ದ ಮೇಲೂ 46 ಇತ್ತು.

ಡಬ್ಬಿ ವಾಪಸ್ ಕೊಟ್ಟೆ. ಹರವಿ ಕಟ್ಟಿದೆ, ಔರಾದ್ ಅಕ್ಕ ಹೇಳಿದ ಹಾಗೇ. ಈಗ ದಿನಕ್ಕೆ ಬೇಕಾದ ನಾಲ್ಕೇ ಕಿಟ್ ಬಟ್ಟೆ ಚೀಲದಲ್ಲಿ ಹಾಕಿ ಹೆಗಲಿಗೆ ಏರಿಸುತ್ತೇನೆ. ಆ ಡಬ್ಬಿಯಲ್ಲಿ ನೆಗೆಟಿವ್ ಬಂದಿದ್ದ ಹನ್ನೊಂದು ಮನೆಗೂ ಮತ್ತೆ ಹೋಗಿದ್ದೆ. ಇನ್ನೂ ಜ್ವರ ಇದ್ದವರು ಇಬ್ಬರು, ಇಬ್ಬರಿಗೂ ಹೊಸ ಕಿಟ್ ಹಾಕಿ ಸ್ಲೈಡ್ ಕಳಿಸಿದೆ.

ಆ ಹುಡುಗಿ ಮನೆಗೂ ಹೋದೆ. ಕಿಟ್ ಕೆಟ್ಟಿತ್ತು, ನಾನು ಬಿಸಿಲಲ್ಲಿ ಇಟ್ಟಿದ್ದೆ ಎಂದು ಅವರವ್ವನಿಗೆ ಹೇಳಿದೆ. ಅವರು ಮೊದಲು ಏನೂ ಮಾತಾಡಲಿಲ್ಲ, ಆಮೇಲೆ ಚಹಾ ಕೊಟ್ಟರು. ಜ್ವರ ಬಿಟ್ಟಿದೆ. ವೈವ್ಯಾಕ್ಸ್ ಲಿವರ್‌ನಲ್ಲಿ ಅಡಗಿ ತಿಂಗಳು ಬಿಟ್ಟೂ ಏಳುತ್ತದೆ, ಅದಕ್ಕೇ ಪ್ರೈಮಾಕ್ವಿನ್ 14 ದಿನ ತಪ್ಪಿಸಬಾರದು, ಮೂತ್ರ ಕಪ್ಪಾದರೆ ಮಾತ್ರೆ ನಿಲ್ಲಿಸಿ ಆಗಲೇ ನನ್ನನ್ನು ಕರೆಯಬೇಕು ಎಂದು ಹೇಳಿದ್ದೇನೆ. ಇವತ್ತಿಗೆ ಹತ್ತನೇ ದಿನ. ಊಟ ಆದ ಮೇಲೆ ನಾನೇ ಹೋಗಿ ನುಂಗಿಸಿ ಬಂದೆ.

ಸ್ಲೈಡ್‌ಮಾಸ್ತರ
ಜೂನ್ 21, ರಾತ್ರಿ 10:20

ಅಕ್ಕಾ, ಆ ಮೂರೂ ಪಟ್ಟಿಗಳ ಫೋಟೊ, ಡಬ್ಬಿಯ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಿಟ್‌ಗಳ ಗುರುತು) ಎರಡನ್ನೂ ಜೋಪಾನವಾಗಿ ಇಟ್ಟುಕೊಳ್ಳಿ. ಮುಂದಿನ ತಿಂಗಳ ಆಶಾ ಸಭೆಯಲ್ಲಿ ನೀವೇ ತೋರಿಸಿ. ಅದೇ ಲಾಟ್ ಇನ್ನೂ ಎಷ್ಟು ಡಿಕ್ಕಿಗಳಲ್ಲಿ ಇದೆಯೋ ಆಗ ಗೊತ್ತಾಗುತ್ತದೆ.