ಕಲಿತ ಮೇಲೆ ಆತ್ಮವಿಶ್ವಾಸದ ಅಂಕ ಇಳಿದದ್ದೇಕೆ?

ಗಣಿತ ಉಪನ್ಯಾಸಕಿ (ಪ್ರಶ್ನೆ):
ಎಂಜಿನಿಯರಿಂಗ್ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ವಿಜ್ಞಾನ, ಗಣಿತ ಮತ್ತು ಎಂಜಿನಿಯರಿಂಗ್ ವಿಷಯಗಳಲ್ಲಿ ಎಷ್ಟು ಆತ್ಮವಿಶ್ವಾಸವಿದೆ ಎಂದು ತಿಳಿಯಲು ಹತ್ತು ಹೇಳಿಕೆಗಳ ಪ್ರಶ್ನಾವಳಿಯೊಂದನ್ನು ಸೆಮಿಸ್ಟರ್‌ನ ಆರಂಭದಲ್ಲಿ ಒಮ್ಮೆ, ಕೊನೆಯಲ್ಲಿ ಇನ್ನೊಮ್ಮೆ ತುಂಬಿಸಿದೆ. ‘ಗಣಿತ ನನಗೆ ಚೆನ್ನಾಗಿ ಬರುತ್ತದೆ’ ಎಂಬಂಥ ಹೇಳಿಕೆಗಳಿಗೆ ‘ಸ್ವಲ್ಪವೂ ಒಪ್ಪುವುದಿಲ್ಲ’ ಎಂಬಲ್ಲಿಂದ ‘ಪೂರ್ತಿ ಒಪ್ಪುತ್ತೇನೆ’ ಎಂಬವರೆಗೆ ಐದು ಆಯ್ಕೆಗಳಿದ್ದವು. ಪರೀಕ್ಷೆಯ ಅಂಕಗಳು ಏರಿವೆ, ಆತ್ಮವಿಶ್ವಾಸದ ಸರಾಸರಿ ಮಾತ್ರ ಇಳಿದಿದೆ. ಒಬ್ಬ ವಿದ್ಯಾರ್ಥಿನಿ ಕೊನೆಯ ಹಾಳೆಯಲ್ಲಿ 5ಕ್ಕೆ ಗುರುತು ಹಾಕಿ, ಅದನ್ನು ಅಳಿಸಿ, 3ಕ್ಕೆ ಹಾಕಿದ್ದಾಳೆ. ಅಳಿಸಿದ ಕಲೆ ಹಾಗೇ ಉಳಿದಿದೆ. ಪರೀಕ್ಷೆಯಲ್ಲಿ ಅತಿ ಕಠಿಣವಾದ ಸಮಾಕಲನದ ಲೆಕ್ಕವನ್ನು ಸರಿಯಾಗಿ ಬಿಡಿಸಿದ್ದವಳೂ ಅವಳೇ. ನನ್ನ ಪಾಠ ಅವರನ್ನು ಕುಗ್ಗಿಸಿತೇ, ಅಥವಾ ಅಳತೆಯಲ್ಲೇ ದೋಷವಿದೆಯೇ?

ಶಿಕ್ಷಣ ಸಂಶೋಧಕ:
ಮೇಡಂ, ಪಾಠವನ್ನು ದೂರುವ ಮುನ್ನ ಅಳತೆಯನ್ನು ನೋಡೋಣ. ಸೂತ್ರಕ್ಕೆ ಸಂಖ್ಯೆ ತುಂಬುವುದೇ ಗಣಿತ ಎಂದುಕೊಂಡು ಬಂದವಳು ಆರಂಭದಲ್ಲಿ 5 ಎಂದಿರುತ್ತಾಳೆ. ಯಾವ ಸೂತ್ರ ಎಲ್ಲಿ ಸಲ್ಲುತ್ತದೆ, ಯಾಕೆ ಸಲ್ಲುತ್ತದೆ ಎಂದು ತಾನೇ ನಿರ್ಧರಿಸಬೇಕೆಂಬುದು ಅರ್ಥವಾದ ಮೇಲೆ ಅದೇ 5ಕ್ಕೆ ಅವಳ ಮನಸ್ಸಿನಲ್ಲಿ ಬೇರೆ ಬೆಲೆ ಬಂದಿರುತ್ತದೆ. ಹೀಗೆ ನಡುವೆ ಅಳತೆಗೋಲೇ ಬದಲಾದರೆ ಎರಡು ಸರಾಸರಿಗಳನ್ನು ನೇರವಾಗಿ ಕಳೆಯಲಾಗದು. ಕೊನೆಯಲ್ಲಿ ಒಂದೇ ಹಾಳೆಯಲ್ಲಿ ‘ಆಗ ನನಗೆಷ್ಟು ಬರುತ್ತಿತ್ತು, ಈಗೆಷ್ಟು ಬರುತ್ತದೆ’ ಎಂದು ಎರಡನ್ನೂ ಕೇಳುವ ಕ್ರಮವಿದೆ. ಆದರೆ ಶಿಕ್ಷಕರಿಗೆ ಹಿತವಾಗಲೆಂದು ಹಿಂದಿನದನ್ನು ತಗ್ಗಿಸಿ ಬರೆಯುವ ವಿದ್ಯಾರ್ಥಿಗಳೂ ಇರುವುದರಿಂದ ಅದೊಂದನ್ನೇ ನಂಬಬಾರದು.

ಮಾಪನ ಕಲಿಸುವವಳು:
ನನಗೆ ಹೇಳಿಕೆಗಳೇ ಹೆಚ್ಚು ತೊಡಕಾಗಿ ಕಾಣುತ್ತವೆ. ‘ಗಣಿತ ಚೆನ್ನಾಗಿ ಬರುತ್ತದೆ’ ಎಂದು ಓದಿದ ಕೂಡಲೇ ವಿದ್ಯಾರ್ಥಿ ಪಕ್ಕದವರನ್ನು ನೋಡಿ ತನ್ನನ್ನು ಅಳೆದುಕೊಳ್ಳುತ್ತಾನೆ. ಚೆನ್ನಾಗಿ ಓದುವವರೇ ತುಂಬಿದ ತರಗತಿಗೆ ಬಂದವನ ಆತ್ಮವಿಶ್ವಾಸದ ಅಂಕ, ಅವನ ಕಲಿಕೆ ಕುಗ್ಗದಿದ್ದರೂ ಇಳಿಯಬಹುದು. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಮುಂದಿಟ್ಟ ಸ್ವಸಾಮರ್ಥ್ಯದ ನಂಬಿಕೆ ಎಂಬ ಪರಿಕಲ್ಪನೆ ಬೇರೆ: ಇಂಥ ಕೆಲಸವನ್ನು ನಾನು ಮಾಡಬಲ್ಲೆನೇ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಇಂಥ ಮಾಪಕಗಳನ್ನು ರಚಿಸುವ ಬಗ್ಗೆ 2006ರಲ್ಲಿ ಅವರು ಬರೆದ ಮಾರ್ಗದರ್ಶಿಯಲ್ಲಿ 0ಯಿಂದ 100ರವರೆಗಿನ ಅಳತೆಯಿದೆ. ಮುಂದೆಂದೋ ಮಾಡುವೆನೇ ಎಂದಲ್ಲ, ಈಗ ಮಾಡಬಲ್ಲೆನೇ ಎಂದು ಕೇಳಬೇಕೆನ್ನುತ್ತಾರೆ. ಹದಿನೈದು ವರ್ಷದ ವಿದ್ಯಾರ್ಥಿಗಳ ಕಲಿಕೆಯನ್ನು ಹಲವು ದೇಶಗಳಲ್ಲಿ ಅಳೆಯುವ ಪೀಸಾ (PISA) ಸಮೀಕ್ಷೆಯೂ 2003ರಲ್ಲಿ ಮತ್ತು 2012ರಲ್ಲಿ, ನೆಲಕ್ಕೆ ಹಾಸಲು ಎಷ್ಟು ಚದರ ಮೀಟರ್ ಟೈಲ್ಸ್ ಬೇಕೆಂದು ಲೆಕ್ಕ ಹಾಕುವಂಥ ನಿರ್ದಿಷ್ಟ ಕೆಲಸಗಳನ್ನು ಹೆಸರಿಸಿಯೇ ಕೇಳಿತ್ತು.

ಇನ್ನೊಂದು ಮಾತು: ಮೂರೂ ವಿಷಯಗಳನ್ನು ಒಂದೇ ಸರಾಸರಿಗೆ ಕೂಡಿಸಬೇಡಿ. ಸರ್ಕ್ಯೂಟ್‌ನಲ್ಲಿ ದೋಷ ಹುಡುಕಲು ಅಂಜದ ಹುಡುಗಿ ಗಣಿತದ ಸಾಧನೆಯ (ಪ್ರೂಫ್) ಮೊದಲ ಸಾಲು ಬರೆಯಲು ಅಂಜಬಹುದು, ಮತ್ತು ನಮಗೆ ಬೇಕಾದ ಮಾಹಿತಿ ಇರುವುದು ಆ ವ್ಯತ್ಯಾಸದಲ್ಲೇ.

ಭೌತಶಾಸ್ತ್ರ ಶಿಕ್ಷಕ:
ಮೇಲಿನ ಸಲಹೆಗೆ ಒಂದನ್ನು ಸೇರಿಸುತ್ತೇನೆ. ಲೆಕ್ಕವನ್ನು ತೋರಿಸಿ, ಬಿಡಿಸುವ ಮುನ್ನ ‘ಇದು ನಿನಗೆ ಬರುತ್ತದೆಂಬ ಭರವಸೆ ನೂರಕ್ಕೆಷ್ಟು?’ ಎಂದು ಬರೆಸಿ, ಆಮೇಲೆ ಬಿಡಿಸಲು ಕೊಡಿ. 90 ಎಂದು ಬರೆದು ತಪ್ಪು ಮಾಡಿದವನಿಗೂ 30 ಎಂದು ಬರೆದು ಸರಿಯಾಗಿ ಬಿಡಿಸಿದವಳಿಗೂ ಬೇಕಾದ ನೆರವು ಒಂದೇ ಅಲ್ಲ, ಆದರೆ ಸರಾಸರಿಯಲ್ಲಿ ಇಬ್ಬರೂ ಕರಗಿಹೋಗುತ್ತಾರೆ. ತರಗತಿ ತರಗತಿಗಳ ಸರಾಸರಿಯನ್ನು ಹೋಲಿಸುವಾಗಲೂ ಎಚ್ಚರವಿರಲಿ. ಶಾಲಾ ಮಕ್ಕಳ ಗಣಿತ ಮತ್ತು ವಿಜ್ಞಾನ ಕಲಿಕೆಯನ್ನು ದೇಶ ದೇಶಗಳಲ್ಲಿ ಅಳೆಯುವ ಟಿಮ್ಸ್ (TIMSS) ಅಧ್ಯಯನದಲ್ಲಿ ಒಂದು ದೇಶದೊಳಗೆ ಆತ್ಮವಿಶ್ವಾಸವಿರುವವರೇ ಹೆಚ್ಚು ಅಂಕ ಪಡೆಯುತ್ತಾರೆ. ಆದರೆ ಅಂಕಗಳಲ್ಲಿ ಮುಂಚೂಣಿಯಲ್ಲಿರುವ ಜಪಾನ್ ಮತ್ತು ದಕ್ಷಿಣ ಕೊರಿಯಾದ ಮಕ್ಕಳು ತಮ್ಮ ಬಗ್ಗೆ ಹೇಳಿಕೊಳ್ಳುವ ಆತ್ಮವಿಶ್ವಾಸ ಕಡಿಮೆ.

ಗಣಿತ ಉಪನ್ಯಾಸಕಿ:
ಎಲ್ಲರಿಗೂ ವಂದನೆಗಳು. ಮುಂದಿನ ಸೆಮಿಸ್ಟರ್‌ಗೆ ಹೇಳಿಕೆಗಳನ್ನು ಕೆಲಸಗಳಾಗಿ ಒಡೆದು ಬರೆಯುತ್ತೇನೆ. ಹಾಳೆಯ ಮೇಲೆ ಹೆಸರು ಬರೆಸಬೇಕೇ?

ಮಾಪನ ಕಲಿಸುವವಳು:
ಬೇಡ ಮೇಡಂ. ಅಂಕ ಕೊಡುವವರೇ ಓದುತ್ತಾರೆಂದು ತಿಳಿದರೆ ಅಂಜಿಕೆಯನ್ನು ಯಾರೂ ಬರೆಯುವುದಿಲ್ಲ. ಪ್ರತಿಯೊಬ್ಬರೂ ತಮಗಷ್ಟೇ ಗೊತ್ತಿರುವ ಒಂದು ಗುರುತು ಸಂಖ್ಯೆಯನ್ನು ಆರಿಸಿಕೊಂಡು ಎರಡೂ ಬಾರಿ ಅದನ್ನೇ ಬರೆಯಲಿ. ಹಾಳೆಗಳನ್ನು ಜೋಡಿಸಲು ಅಷ್ಟು ಸಾಕು.