ಹೆಂಗಸರ, ಮಕ್ಕಳ ಕೇಸುಗಳನ್ನೇ ಹಿಡಿದು ಮಂಡ್ಯದಲ್ಲಿ ವಕೀಲಿಕೆ ಮಾಡಿದರೆ ಬದುಕು ನಡೆಯುತ್ತದಾ?

ಹೊಸ_ಕರಿಕೋಟು:
ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದವಳು, ಮೈಸೂರಿನಲ್ಲಿ ಎಲ್‌ಎಲ್‌ಬಿ ಕೊನೇ ವರ್ಷ ಓದುತ್ತಿದ್ದೇನೆ. ಮನೆಯಲ್ಲಿ ಜಡ್ಜ್ ಪರೀಕ್ಷೆ ಬರಿ ಅನ್ನುತ್ತಾರೆ, ಇಲ್ಲದಿದ್ದರೆ ಬೆಂಗಳೂರಿಗೆ ಹೋಗಿ ಯಾವುದಾದರೂ ಕಂಪನಿ ಸೇರು ಅನ್ನುತ್ತಾರೆ. ನನಗೆ ಮಾತ್ರ ಹೊಡೆತ ತಿಂದ ಹೆಂಗಸರು, ದೌರ್ಜನ್ಯಕ್ಕೆ ಸಿಕ್ಕಿದ ಮಕ್ಕಳು, ಇಂಥವರ ಪರ ನಿಲ್ಲಬೇಕು ಅಂತ ಆಸೆ. ಕಾರಣ ದೊಡ್ಡದೇನಲ್ಲ. ನಮ್ಮ ಬೀದಿಯಲ್ಲಿ ಒಬ್ಬರು ಅಕ್ಕ ಇದ್ದರು. ರಾತ್ರಿ ಅವರ ಮನೆಯಲ್ಲಿ ಗಲಾಟೆ ಶುರುವಾದರೆ ನಮ್ಮಮ್ಮ ಟಿವಿ ಸೌಂಡ್ ಜಾಸ್ತಿ ಮಾಡುತ್ತಿದ್ದರು.

ಬರೀ ಇಂಥ ಕೇಸಿನಲ್ಲಿ ಹೊಟ್ಟೆ ತುಂಬುತ್ತದಾ? ಮೊದಲು ಎನ್‌ಜಿಒ ಥರದ ಸಂಸ್ಥೆ ಸೇರಬೇಕಾ, ಸೀನಿಯರ್ ಹತ್ತಿರ ಹೋಗಬೇಕಾ? ದಿನಾ ಇದನ್ನೇ ಕೇಳಿ ಕೇಳಿ ತಲೆ ಕೆಡುವುದಿಲ್ವಾ? ಸಿನಿಮಾ ಥರ ಭಾಷಣ ಬೇಡ, ಇದ್ದದ್ದು ಇದ್ದ ಹಾಗೆ ಹೇಳಿ.

ಕಬ್ಬಿನಗದ್ದೆ_ಲಾಯರಮ್ಮ:
ಮಂಡ್ಯ ಕೋರ್ಟಿನಲ್ಲಿ 14 ವರ್ಷ ಆಯಿತಮ್ಮ ನನಗೆ. ಹೊಟ್ಟೆ ತುಂಬುತ್ತದೆ, ಆದರೆ ಇದೊಂದರಿಂದ ಅಲ್ಲ. ನನ್ನ ಆಫೀಸಿನ ಬಾಡಿಗೆ ಕಟ್ಟುವುದು ಪಾಲು ವಿಭಾಗದ ದಾವೆ, ಚೆಕ್ ಬೌನ್ಸ್, ಆಕ್ಸಿಡೆಂಟ್ ಕ್ಲೇಮು. ಅದರ ಮೇಲೆ ನಿಂತು ನೀನು ಹೇಳುವ ಕೇಸು ಮಾಡುತ್ತೇನೆ. ಸನ್ನದು, ಅಂದರೆ ವಕೀಲಿಕೆಯ ಲೈಸೆನ್ಸ್ ಸಿಕ್ಕಿದ ಮೇಲೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಪ್ಯಾನಲ್ (ಉಚಿತ ಕೇಸು ನಡೆಸುವ ವಕೀಲರ ಪಟ್ಟಿ) ಬಗ್ಗೆ ವಿಚಾರಿಸು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಪ್ಯಾನಲ್ ಫೀಸು ದೊಡ್ಡದಲ್ಲ, ಕಲಿಯುವುದು ಬೇಕಾದಷ್ಟಿದೆ.

ಸಂಸ್ಥೆ ಆಮೇಲೆ ನೋಡು. ಮೊದಲು ಸಿವಿಲ್, ಕ್ರಿಮಿನಲ್ ಎರಡೂ ಮಾಡುವ ಸೀನಿಯರ್ ಹತ್ತಿರ ಮೂರು ವರ್ಷ ಇರು. ಯಾಕೆ ಅಂತ ಒಂದು ಕೇಸು ಹೇಳುತ್ತೇನೆ.

ಒಬ್ಬ ಹೆಂಗಸು ಬಂದಿದ್ದಳು, ಕೈಯಲ್ಲಿ ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರು. ಒಳಗೆ ಮೂಲೆಗೆ ಅರಿಶಿನ ಹಚ್ಚಿದ ಲಗ್ನಪತ್ರಿಕೆ, ರೇಷನ್ ಕಾರ್ಡು, ಮಗುವಿನ ತಾಯಿ ಕಾರ್ಡು, ಆಸ್ಪತ್ರೆಯ ಒಂದು ಚೀಟಿ. ಮದುವೆ ರಿಜಿಸ್ಟರ್ ಆಗಿಲ್ಲ, ಆ ಲಗ್ನಪತ್ರಿಕೆಯೇ ನಮಗೆ ದಿಕ್ಕು. ಜೀವನಾಂಶ ಕೇಳಿದರೆ ಗಂಡ ಕೋರ್ಟಿನಲ್ಲಿ ಕೈಮುಗಿದು "ನಾನು ಕೂಲಿ ಮಾಡೋನು ಸ್ವಾಮಿ, ಜಮೀನೆಲ್ಲ ಅಪ್ಪನ ಹೆಸರಲ್ಲಿ ಅದೆ" ಅಂದ. ಪಹಣಿ ತೆಗೆಸಿದರೆ ಅದು ನಿಜ! ನಾನು ಸುಸ್ತು. ಆಗ ಅವಳು ಸುಮ್ನೆ ಮಾತಿಗೆ ಅಂತ, "ಎರಡು ಹೊತ್ತೂ ಡೈರಿಗೆ ಹಾಲು ಹಾಕ್ತಿದ್ದೋಳು ನಾನೇ ಕಣಕ್ಕ, ದುಡ್ಡು ಅವನ ಅಕೌಂಟಿಗೆ ಬೀಳ್ತಿತ್ತು" ಅಂದಳು. ಅಷ್ಟು ಸಾಕಾಯಿತು. ಬ್ಯಾಂಕ್ ಸ್ಟೇಟ್‌ಮೆಂಟ್ ತರಿಸಿ ಅಂತ ಅರ್ಜಿ ಹಾಕಿದೆವು. ಹಾಲಿನ ಬಟವಾಡೆ ಅದರಲ್ಲಿತ್ತು, ಕಬ್ಬಿನ ಬಿಲ್ಲೂ ಅದೇ ಖಾತೆಗೆ ಬಂದಿತ್ತು. ಸುಪ್ರೀಂ ಕೋರ್ಟಿನ 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನಿಂದ ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ, ಆದಾಯದ ಪ್ರಮಾಣಪತ್ರ (ಅಫಿಡವಿಟ್) ಕೊಡಲೇಬೇಕು. ಅವನು ಕೊಟ್ಟಿದ್ದ ಪ್ರಮಾಣಪತ್ರವನ್ನೂ ಸ್ಟೇಟ್‌ಮೆಂಟನ್ನೂ ಪಕ್ಕಪಕ್ಕ ಇಟ್ಟೆ. ಅವತ್ತು ನಾನು ಆಡಿದ್ದು ನಾಲ್ಕು ಮಾತು ಇರಬಹುದು ಅಷ್ಟೇ. ಪಹಣಿ ಓದಲು, ಅರ್ಜಿ ಹಾಕಲು ಬಂದಿದ್ದು ಸಿವಿಲ್ ಸೀನಿಯರ್ ಹತ್ತಿರ ಬೈಸಿಕೊಂಡಿದ್ದಕ್ಕೆ.

ಇನ್ನೊಂದು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಮೊದಲ ವಿಚಾರಣೆ ಮೂರು ದಿನದಲ್ಲಿ, ಇತ್ಯರ್ಥ 60 ದಿನದಲ್ಲಿ ಅಂತ ಬರೆದಿದೆ. ಓದಿ ಖುಷಿಪಡಬೇಡ. ನಮ್ಮಲ್ಲಿ ಸಂರಕ್ಷಣಾಧಿಕಾರಿ (ಈ ಕಾಯ್ದೆಯಲ್ಲಿ ಹೆಂಗಸಿಗೆ ನೆರವಾಗಬೇಕಾದ ಅಧಿಕಾರಿ) ಅಂದರೆ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅವರ ತಲೆ ಮೇಲೆ ಅಂಗನವಾಡಿಗಳ ಇಡೀ ಹೊರೆ ಇರುತ್ತದೆ. ಹಾಗಾಗಿ 23ನೇ ಸೆಕ್ಷನ್ನಿನ ಮಧ್ಯಂತರ ಆದೇಶದ ಅರ್ಜಿಯನ್ನು ಮೊದಲ ದಿನವೇ ಜೊತೆಗೆ ಹಾಕು. ಅದಿಲ್ಲದಿದ್ದರೆ ಬರೀ ವಾಯಿದೆ.

ಮಳಲವಾಡಿ_ಕಾರಿಡಾರ್:
ಮೇಡಂ ಹೇಳಿದ್ದು ಸರಿ. ನಾನು ಮೈಸೂರಿನಲ್ಲಿ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ) ಕೇಸುಗಳಲ್ಲಿ ಸಂತ್ರಸ್ತ ಮಕ್ಕಳ ಕುಟುಂಬದ ಪರ ಹಾಜರಾಗುತ್ತೇನೆ. ಕಾಲೇಜಿನವರಿಗೆ ಒಂದು ವಿಷಯ ಗೊತ್ತಿರುವುದಿಲ್ಲ. ಇಲ್ಲಿ ಕೇಸು ನಡೆಸುವುದು ಸರ್ಕಾರಿ ಅಭಿಯೋಜಕರು (ಪಬ್ಲಿಕ್ ಪ್ರಾಸಿಕ್ಯೂಟರ್), ನಾವಲ್ಲ. 40ನೇ ಸೆಕ್ಷನ್ನಿನಲ್ಲಿ ಕುಟುಂಬ ತಮ್ಮ ವಕೀಲರನ್ನು ಇಟ್ಟುಕೊಳ್ಳಬಹುದು, ನಾವು ಸಹಾಯಕ್ಕೆ ನಿಲ್ಲುತ್ತೇವೆ. ಕೋರ್ಟಿನಲ್ಲಿ ಮಿಂಚಬೇಕು ಅನ್ನುವವರಿಗೆ ಈ ಕೆಲಸ ಬೇಜಾರು.

ಹಾಗಂತ ಕೆಲಸ ಇಲ್ಲ ಅಂತಲ್ಲ. ಆರೋಪಿ ಪರ ವಕೀಲರು ಮಗುವನ್ನು ನೇರವಾಗಿ ಪ್ರಶ್ನೆ ಕೇಳುವಂತಿಲ್ಲ, ಜಡ್ಜ್ ಮೂಲಕ ಕೇಳಬೇಕು, ಅದು 33ನೇ ಸೆಕ್ಷನ್. ಸಾಕ್ಷಿ ಹೇಳುವಾಗ ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು, ಅದು 36. ಆದರೆ ಕೋರ್ಟ್ ಹಾಲಿನ ಹೊರಗೆ, ಕಾರಿಡಾರಿನಲ್ಲಿ, ಶೌಚಾಲಯದ ಹತ್ತಿರ ಕಣ್ಣಿಗೆ ಬಿದ್ದರೆ? ಅದನ್ನು ನೋಡಿಕೊಳ್ಳುವವರು ಯಾರು? ನಾನು ಹಿಂದಿನ ದಿನವೇ ಮಗುವನ್ನು ಕರೆದುಕೊಂಡು ಬಂದು ಯಾವ ಬಾಗಿಲಿಂದ ಬರುತ್ತೀಯ, ಎಲ್ಲಿ ಕೂರುತ್ತೀಯ ಅಂತ ತೋರಿಸುತ್ತೇನೆ. ಒಂಬತ್ತು ವರ್ಷದ ಹುಡುಗಿ ಇದೆಲ್ಲ ನೋಡಿ ನನ್ನನ್ನು ಕೇಳಿದ್ದು ಒಂದೇ, "ನೀರು ಕುಡಿಯಬಹುದಾ ಒಳಗೆ?"

ತಲೆ ಕೆಡುವ ಪ್ರಶ್ನೆಗೆ ಉತ್ತರ. ಕ್ರೌರ್ಯ ಕೇಳಿ ಕೆಡುವುದಕ್ಕಿಂತ ಇದಕ್ಕೆ ಜಾಸ್ತಿ ಕೆಡುತ್ತದೆ: ಹದಿನೇಳರ ಹುಡುಗಿ, ಮನೆಯವರೇ ಗುಟ್ಟಾಗಿ ಮದುವೆ ಮಾಡಿರುತ್ತಾರೆ, ಬಸುರಿ, ಆಸ್ಪತ್ರೆಗೆ ಬಂದಾಗ ವಯಸ್ಸು ಗೊತ್ತಾಗುತ್ತದೆ, ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕು, ಗಂಡ ಜೈಲಿಗೆ. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ಮಾಡಿದ ತಿದ್ದುಪಡಿ ಪ್ರಕಾರ ಬಾಲ್ಯವಿವಾಹ ಮದುವೆಯೇ ಅಲ್ಲ. ಹುಡುಗಿ ನನ್ನ ಎದುರು ಕೂತು "ಅವರನ್ನು ಬಿಡಿಸಿಕೊಡಿ" ಅಂತ ಅಳುತ್ತಾಳೆ. ಕಾನೂನಿನ ಲೆಕ್ಕದಲ್ಲಿ ನಾನು ಅವಳ ಪರ. ಅವಳ ಲೆಕ್ಕದಲ್ಲಿ ನಾನು ಶತ್ರು. ಇದಕ್ಕೆ ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ.

ಸತ್ಯ_ಹೇಳ್ತೀನಿ_ಗುರು:
ಎಲ್ಲ ಸರಿ. ಅರ್ಧ ಕೇಸು ಸುಳ್ಳೇ ಇರುತ್ತವಲ್ಲ, ಅದನ್ನೂ ಹೇಳಿ ಆ ಹುಡುಗಿಗೆ.

ಕಬ್ಬಿನಗದ್ದೆ_ಲಾಯರಮ್ಮ:
ಅರ್ಧ ಅಂತ ಎಣಿಸಿದವರು ಯಾರು ಸ್ವಾಮಿ? ಸುಳ್ಳು ಬರುತ್ತದೆ, ಇಲ್ಲ ಅನ್ನುವುದಿಲ್ಲ. ಊರಲ್ಲೇ ಇಲ್ಲದ ನಾದಿನಿಯ ಹೆಸರೂ ಸೇರಿಸಿ ಅನ್ನುತ್ತಾರೆ. ಸೇರಿಸುವುದಿಲ್ಲ, ಬೇಕಿದ್ದರೆ ಬೇರೆ ವಕೀಲರನ್ನು ನೋಡಿ ಅಂತ ಫೈಲು ವಾಪಸ್ ಕೊಟ್ಟಿದ್ದೇನೆ. ಹಾಗಂತ ಬೆನ್ನ ಮೇಲೆ ಬರೆ ಇರುವವಳನ್ನೂ ಅನುಮಾನದಿಂದ ನೋಡಲಾ? ಇದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ 2023ರಲ್ಲಿ ಹೊರಬಿತ್ತು. ಹೆಣ್ಣು ಅಂತ ಗೊತ್ತಾದ ಮೇಲೆ ಆ ಮನೆಗಳಲ್ಲಿ ಏನು ಮಾತು ನಡೆದಿರಬಹುದು ಅಂತ ಸ್ವಲ್ಪ ಯೋಚಿಸಿ.

ಎರಡನೇ_ಬಸ್ಸು:
ನಾನು ಲಾಯರ್ ಅಲ್ಲ, ನಾಲ್ಕು ವರ್ಷ ಕೋರ್ಟಿಗೆ ಅಲೆದವಳು. ಮೊದಲ ವಕೀಲರು ಬುದ್ಧಿವಂತರೇ, ಆದರೆ ಒಂದು ದಿನವೂ ನನ್ನ ಮುಖ ನೋಡಿ ಮಾತಾಡಲಿಲ್ಲ. ಎರಡನೆಯ ಮೇಡಂ ಮೊದಲು ಕೇಳಿದ್ದು "ಇವತ್ತು ರಾತ್ರಿ ಎಲ್ಲಿ ಮಲಗ್ತೀಯ?" ಅಂತ. ನನಗೆ ಅದು ಗೊತ್ತಿರಲಿಲ್ಲ. ಅವರೇ ಸಖಿ ಕೇಂದ್ರಕ್ಕೆ (ದೌರ್ಜನ್ಯಕ್ಕೆ ಸಿಕ್ಕಿದ ಹೆಂಗಸರಿಗೆ ಸರ್ಕಾರದ ನೆರವು ಕೇಂದ್ರ) ಫೋನ್ ಮಾಡಿದರು. 181 ಅಂತ ಹೆಂಗಸರ ಸಹಾಯವಾಣಿ ನಂಬರ್ ಇದೆ ಅಂತ ಗೊತ್ತಾಗಿದ್ದೂ ಅವತ್ತೇ.

ತಂಗಿ, ಒಂದು ಸಣ್ಣ ಕೆಲಸ ಮಾಡು. ಜಡ್ಜ್ ರಜೆ ಅಂತ ಮೊದಲೇ ಗೊತ್ತಾದರೆ ಹಿಂದಿನ ಸಂಜೆಯೇ ಫೋನ್ ಮಾಡಿ ಬರಬೇಡಿ ಅಂತ ಹೇಳು. ಈಗ ಹೆಂಗಸರಿಗೆ ಬಸ್ಸು ಫ್ರೀ, ಸರಿ. ಆ ದಿನದ ಕೂಲಿ ಯಾರು ಕೊಡುತ್ತಾರೆ?

ಇನ್ನೊಂದು ಹೇಳಲು ನಾಚಿಕೆ. ಮಧ್ಯದಲ್ಲಿ ಒಂದು ಸಲ ಊರಿನ ಯಜಮಾನರು ಸೇರಿ ರಾಜಿ ಮಾಡಿಸಿ ನನ್ನನ್ನು ವಾಪಸ್ ಕಳಿಸಿದರು. ಮೇಡಂ ಬೈಯಲಿಲ್ಲ. ಐದು ತಿಂಗಳಿಗೆ ತಿರುಗಿ ಬಂದೆ, ನನ್ನ ಫೈಲು ಅದೇ ಬೀರುವಿನಲ್ಲಿ ಅದೇ ದಾರ ಕಟ್ಟಿಕೊಂಡು ಇತ್ತು. ಅದನ್ನು ನೋಡಿಯೇ ಅತ್ತುಬಿಟ್ಟೆ.

ಹೊಸ_ಕರಿಕೋಟು:
ಎಲ್ಲರಿಗೂ ಥ್ಯಾಂಕ್ಸ್. ಎರಡನೇ ಬಸ್ಸು ಅಕ್ಕ, ನಿಮ್ಮ ಮಾತು ಡೈರಿಯಲ್ಲಿ ಬರೆದುಕೊಂಡೆ. ಅಮ್ಮನಿಗೂ ಇದೆಲ್ಲ ಓದಿ ಹೇಳಿದೆ, ಏನೂ ಮಾತಾಡಲಿಲ್ಲ. ಲಾಯರಮ್ಮ ಮೇಡಂ, ರಜೆಯಲ್ಲಿ ನಿಮ್ಮ ಆಫೀಸಿಗೆ ಬರಬಹುದಾ? ಫೈಲು ಹೊತ್ತುಕೊಂಡು ಹಿಂದೆ ತಿರುಗಿದರೂ ಸಾಕು.

ಕಬ್ಬಿನಗದ್ದೆ_ಲಾಯರಮ್ಮ:
ಬಾ, ಮೆಸೇಜ್‌ನಲ್ಲಿ ವಿಳಾಸ ಹಾಕುತ್ತೇನೆ. ಬೆಳಿಗ್ಗೆ ಒಂಬತ್ತೂವರೆಗೆ ಇರಬೇಕು, ಊಟದ ಡಬ್ಬಿ ನೀನೇ ತರಬೇಕು. ನುಡಿ ಸಾಫ್ಟ್‌ವೇರಿನಲ್ಲಿ ಕನ್ನಡ ಟೈಪಿಂಗ್ ಬರುತ್ತದಾ?